ಮಿಕ್ಕಿದ್ದು

ಮಾಮೂಲುಪೇಟೆಯ ಈ ಮೆಟ್ಟಿಲ ಕೆಳಗೆ
ನನ್ನ ಮೇಜು, ನಾನು, ಒಂದು ಬಲ್ಬು.
ನೆಲದಡಿ ಮೆಟ್ರೊ ಹಾಯ್ದಾಗೆಲ್ಲ
ತಟ್ಟೆಯೊಳಗಿನ ಸ್ಕ್ರೂಗಳು
ಒಂದನ್ನೊಂದು ಮುಟ್ಟಿ ಮಾತಾಡಿಸುತ್ತವೆ.
ಆಗ ಚಿಮಟ ಎತ್ತಿಹಿಡಿದು, ಉಸಿರು ಕಟ್ಟಿ,
ಗಾಡಿ ಮೆಜೆಸ್ಟಿಕ್ ಕಡೆ ದಾಟಲಿ ಅಂತ ಕಾಯುತ್ತೇನೆ.

ಸೋಮವಾರ ಬಂದವಳು ರೊಸಾಲಿಯಾ, ಕಾಕ್ಸ್ ಟೌನ್.
ಕರವಸ್ತ್ರದ ಗಂಟಿನಲ್ಲಿ ತಾತನ ಜೇಬುಗಡಿಯಾರ,
ಬೆಳ್ಳಿಯದು, ಬೆನ್ನಿಗೆ ಎರಡು ಮುಚ್ಚಳ,
ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನಿಂತದ್ದು.
ಯಾವ ವರ್ಷದ ನಾಲ್ಕು ಎಂದು
ಮನೆಯಲ್ಲಿ ಯಾರಿಗೂ ತಿಳಿಯದು.

ಬಿಚ್ಚಿದೆ.
ಜಾಲಹಳ್ಳಿ ಫ್ಯಾಕ್ಟರಿಯ ಸಾಲುಬೆಂಚಿನಲ್ಲಿ
ಇಪ್ಪತ್ತೊಂದು ವರ್ಷ ಕೂತವಳ ಕೈ ಇದು,
ಬಿಚ್ಚಿದ ಕ್ರಮದಲ್ಲೇ ಹಾಳೆಯ ಮೇಲೆ ಇಡುತ್ತದೆ,
ಉಪ್ಪಿನಿಂದ ಶುರುಮಾಡಿ ಎಲೆಗೆ ಬಡಿಸಿದ ಹಾಗೆ.
ಪೆಟ್ರೋಲಿನಲ್ಲಿ ತೊಳೆದೆ. ಕಲ್ಲಿನ ಕುಳಿಗಳಿಗೆ ಕಡ್ಡಿ ಹಾಕಿ ಒರೆಸಿದೆ.
ಸವೆದಿಲ್ಲ, ಮುರಿದಿಲ್ಲ, ತುಕ್ಕಿಲ್ಲ.
ಜೋಡಿಸಿ ಕೀಲಿ ಕೊಟ್ಟರೆ
ಅಳುವುದನ್ನು ಮರೆತ ಮಗುವಿನ ಹಾಗೆ ಆಡತೊಡಗಿತು.

ಪೆಟ್ರೋಲಿನ ಬಟ್ಟಲ ತಳದಲ್ಲಿ
ಒಂದು ಮಿಕ್ಕಿತ್ತು.

ಸಾಸಿವೆಗಿಂತ ಕೊಂಚ ದೊಡ್ಡದು, ಹಳದಿ, ನಡುವೆ ತೂತು.
ಹೇರ್‌ಸ್ಪ್ರಿಂಗಿನ ಕೊರಳ ಬಳೆಯೋ ಅಂದರೆ
ಅದಕ್ಕೆ ಸೀಳಿರಬೇಕು, ಇದಕ್ಕಿಲ್ಲ.
ಡಯಲ್ಲಿನಡಿಯ ವಾಷರೋ ಅಂದರೆ ದಪ್ಪ ಜಾಸ್ತಿ.
ಮತ್ತೆ ಬಿಚ್ಚಿದೆ, ಮತ್ತೆ ಎಣಿಸಿದೆ,
ಖಾಲಿ ಜಾಗ ಒಂದೂ ಇಲ್ಲ.
ಪಂಕ್ತಿ ಕೂತ ಮೇಲೆ ಬಂದ ನೆಂಟ ಇದು,
ಎದ್ದುಹೋಗು ಅನ್ನುವಂತಿಲ್ಲ.
ಎದುರಿನ ಹೊಲಿಗೆಯಂತ್ರದ ಬಾಬಾಜಾನ್
ಬೆರಳ ತುದಿಯಲ್ಲಿಟ್ಟು ನೋಡಿ
'ನಮ್ಮ ಪೈಕಿಯಲ್ಲ' ಅಂದರು, ಟೀ ತರಿಸಿದರು.

ಎರಡು ರಾತ್ರಿ ಅದು ಹಳೇ ಫಿಲ್ಮ್ ಡಬ್ಬಿಯಲ್ಲಿತ್ತು.
ಮೂರನೇ ದಿನ ಹೊಳೆದದ್ದು ಇಷ್ಟೇ: ಹಿತ್ತಾಳೆ ಮಾಸುತ್ತದೆ.
ಚಕ್ರಗಳೆಲ್ಲ ತೊಳೆದರೂ ಕಂದು,
ಇದು ಮಾತ್ರ ನಿನ್ನೆ ಮಾಡಿದಂತಿದೆ.
ಕಣ್ಣಿಗೆ ಗಾಜು ಏರಿಸಿದೆ. ತೂತಿನ ಒಳಗೋಡೆಗೆ ಥ್ರೆಡ್ಡು,
ಅದೂ ಓರೆಕೋರೆ,
ಯಂತ್ರ ಕೊರೆದದ್ದಲ್ಲ, ಯಾರದೋ ಕೈ.

ಯೋಚನೆಗೆ ಬಿದ್ದಾಗಿನ ಚಾಳಿ,
ಹೆಬ್ಬೆರಳು ತಾನಾಗಿ ಮೂಗಿನ ಹೊಳ್ಳೆಗೆ ಹೋಗಿ
ಬೆಳಿಗ್ಗೆ ತಲೆಸ್ನಾನದಲ್ಲಿ ಸಡಿಲಾದ ನನ್ನದನ್ನು
ತಿರುವಿ ತಿರುವಿ ಬಿಗಿಮಾಡುತ್ತಿತ್ತು.
ಬೆರಳಿಗೆ ಮೊದಲು ತಿಳಿಯಿತು, ಆಮೇಲೆ ನನಗೆ.

ಮೂಗುಬೊಟ್ಟಿನ ತಿರುಪು!

ಗೋಡೆಗೆ ಮುಖ ಮಾಡಿ ನನ್ನ ಬೊಟ್ಟಿಗೇ ಹಾಕಿ ನೋಡಿದೆ.
ಒಂದೂವರೆ ಸುತ್ತು ಹೋಗಿ ನಿಂತಿತು. ನನ್ನ ಅಳತೆಯಲ್ಲ.
ತೆಗೆದು ಮತ್ತೊಮ್ಮೆ ಪೆಟ್ರೋಲಿನಲ್ಲಿ ತೊಳೆದೆ.

ರೊಸಾಲಿಯಾ ನಂಬಲಿಲ್ಲ.
'ನಮ್ಮನೇಲಿ ಯಾರೂ ಮೂಗು ಚುಚ್ಚಿಸ್ಕೊಂಡಿಲ್ಲ ಮೇಡಂ,
ಅಜ್ಜಿ ಅಂತೂ ಕಿವಿಗೂ ಏನೂ ಹಾಕ್ತಿರಲಿಲ್ಲ.'
ಆಮೇಲೆ ಸುಮ್ಮನಾದಳು.
ತಾತ ರೈಲಿನ ಗಾರ್ಡು, ಬಂಗಾರಪೇಟೆ ಪ್ಯಾಸೆಂಜರು,
ವಾರಕ್ಕೆ ಮೂರು ರಾತ್ರಿ ಅಲ್ಲೇ ಮಲಗುತ್ತಿದ್ದರಂತೆ,
ರೆಸ್ಟ್ ರೂಮಿನಲ್ಲಿ.
'ರೆಸ್ಟ್ ರೂಮಿನಲ್ಲಿ' ಎಂದು ಇನ್ನೊಂದು ಸಲ ಅಂದಳು.
ನಾನು ಬಲ್ಬಿನ ಕತ್ತು ಸರಿಮಾಡಿದೆ.

ಹೇಳಬೇಕಾದ್ದು ಹೇಳಿದೆ. ಎರಡು ಮುಚ್ಚಳದ ನಡುವೆ
ಯಾರೋ ಬೇಕೆಂದೇ ಇಟ್ಟದ್ದು.
ಒಳಮುಚ್ಚಳ ಸಡಿಲಾಗಿ, ಜಾರಿ, ಚಕ್ರಕ್ಕೆ ಸಿಕ್ಕಿದೆ,
ಅಂಚಿನಲ್ಲಿ ಗೀರು ನೋಡಿ.
ಇದಿಲ್ಲದೆ ಓಡುತ್ತದೆ. ನಿಂತದ್ದೇ ಇದರಿಂದ.
ಪೊಟ್ಟಣ ಕಟ್ಟಿಕೊಡಲೆ?

ಗಡಿಯಾರವನ್ನು ಕಿವಿಗಿಟ್ಟುಕೊಂಡಳು.
ಕೆಳಗೆ ಒಂದು ಗಾಡಿ ಹೋಯಿತು, ಇನ್ನೊಂದು ಬಂತು.
'ಎಲ್ಲಿತ್ತೋ ಅಲ್ಲೇ ಇಡಿ,' ಅಂದಳು,
'ಚಕ್ರಕ್ಕೆ ತಾಗದ ಹಾಗೆ.'

ಫ್ಯಾಕ್ಟರಿಯಲ್ಲಾಗಿದ್ದರೆ ಮೆಮೊ ಕೊಡುತ್ತಿದ್ದರು.
ಚೂರು ಅರಗು ಕಾಯಿಸಿ
ಹೊರಮುಚ್ಚಳದ ಒಳಮೈಗೆ ಅಂಟಿಸಿದೆ.
ಅಲ್ಲಿ ಹಳಬರು ಸೂಜಿಯಲ್ಲಿ ಗೀರಿದ ತಾರೀಖುಗಳು,
ಯಾರ್ಯಾರದೋ ಇನಿಶಿಯಲ್ಲು.
ಒಬ್ಬರಾದರೂ ಕಂಡಿರಬೇಕು,
ಕಂಡೂ ಹಾಗೇ ಮುಚ್ಚಿರಬೇಕು.
ನಾನೂ ನನ್ನ ತಾರೀಖು ಗೀರಿದೆ.
ತಿರುಪಿನ ವಿಷಯ ಬರೆಯಲಿಲ್ಲ,
ಮುಂದೆ ಬಿಚ್ಚುವವರೂ
ಮೂರು ದಿನ ತಲೆ ಕೆರೆದುಕೊಳ್ಳಲಿ.